ಆರಾಮ ಅದೀನ್ರಿ

ಹೋದ ವಾರ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೆಲಸಕ್ಕೆ ನನ್ನನ್ನು ಮಾನ್ವಿಗೆ ಹಾಕಿದ್ದರು. ಮಧ್ಯಾಹ್ನ ಉತ್ತರಪತ್ರಿಕೆಗಳ ಕಟ್ಟು ಒಪ್ಪಿಸಿ ಹೊರಗೆ ಬಂದು ರಸ್ತೆ ಬದಿ ನಿಂತೆ. ಹತ್ತಿರದ ಅಕ್ಕಿ ಗಿರಣಿಯಲ್ಲಿ ಭತ್ತ ಕುದಿಸುತ್ತಿದ್ದರು. ಆ ವಾಸನೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳಿದರೂ ತಿಳಿಯುವುದಿಲ್ಲ. ಅರೆಬೆಂದ ಅನ್ನ, ಒದ್ದೆ ಗೋಣಿಚೀಲ, ಕೊಳೆತ ಹುಲ್ಲು ಎಲ್ಲ ಒಟ್ಟಿಗೆ ಬಂದು ಮೂಗಿಗೆ ಅಡರುತ್ತದೆ. ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಒತ್ತಿಕೊಂಡ ಕೂಡಲೇ ನನ್ನ ಅಣ್ಣ ಹುಲಿಗೆಪ್ಪ ನೆನಪಾದ.

ಆರೇಳು ವರ್ಷದ ಹಿಂದೆ ಇದೇ ರಸ್ತೆಯಲ್ಲಿ ನಾವಿಬ್ಬರೂ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಅವತ್ತೂ ಹೀಗೇ ಭತ್ತ ಕುದಿಯುತ್ತಿತ್ತು, ನಾನು ಹೀಗೇ ಮೂಗು ಮುಚ್ಚಿಕೊಂಡಿದ್ದೆ. ಅಣ್ಣ ನನ್ನ ಕಡೆ ನೋಡಿ, "ಯಾಕ? ಏನ್ ವಾಸನಿ ಬರಾಕತ್ತದ?" ಎಂದ.

"ಮೂಗು ದೇವದುರ್ಗದಾಗ ಬಿಟ್ಟು ಬಂದೀಯೇನು?" ಎಂದು ನಕ್ಕಿದ್ದೆ.

ಅವನು ಒಂದು ಕ್ಷಣ ಗಾಬರಿಯಾದ. ಆಮೇಲೆ ನಗುತ್ತ, "ಹೌದೌದು, ಬರಾಕತ್ತದ ಬಿಡು," ಎಂದ.

ಬರುತ್ತಿರಲಿಲ್ಲ. ಕಂಪವಾತ ಬರುವವರಿಗೆ ಕೈ ನಡುಗುವ ಎಷ್ಟೋ ವರ್ಷ ಮೊದಲೇ ಮೂಗಿನ ಶಕ್ತಿ ಹೋಗಬಹುದು ಎಂದು ವೈದ್ಯರು ಆಮೇಲೆ ಹೇಳಿದರು. ನನ್ನ ಮುಂದೆ ಅಣ್ಣ ಆ ರೋಗದ ಬಗ್ಗೆ ಹೇಳಿದ ಮೊದಲ ಸುಳ್ಳು ಅದು. ಹೋದ ವರ್ಷದ ಬೇಸಿಗೆಯಲ್ಲಿ ಅವನು ಹೇಳಿದ ಸುಳ್ಳುಗಳನ್ನೆಲ್ಲ ನಾನು ಪಕ್ಕದಲ್ಲೇ ಕೂತು ಕೇಳಿದೆ. ಕೊನೆಯದನ್ನು ನಾನೇ ಹೇಳಿದೆ. ಆ ಬೇಸಿಗೆಯನ್ನು ಒಂದು ಸಲ ಪೂರ್ತಿ ಬರೆದುಬಿಡಬೇಕು ಅನ್ನಿಸಿದೆ.

ಅಣ್ಣ ದೇವದುರ್ಗದ ಕಡೆಯ ಒಂದು ಸರಕಾರಿ ಪ್ರಾಥಮಿಕ ಶಾಲೆಯ ಮಾಸ್ತರ. ಮೂವತ್ತು ವರ್ಷದ ನೌಕರಿಯಲ್ಲಿ ಹೆಚ್ಚಿನ ಕಾಲ ಒಂದನೇ ತರಗತಿಯನ್ನೇ ಕೇಳಿ ಇಸಿದುಕೊಂಡವನು. ದೊಡ್ಡ ತರಗತಿಗೆ ಪಾಠ ಮಾಡುವುದು ದೊಡ್ಡಸ್ತಿಕೆ ಎಂದು ಉಳಿದವರು ಅಂದುಕೊಂಡಿದ್ದರೆ, ಇವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೂಸುಗಳ ಕೈ ಹಿಡಿದು 'ಅ' ತಿದ್ದಿಸುತ್ತಿದ್ದ. ಅವನ ಅಕ್ಷರ ಸುತ್ತ ಹತ್ತು ಹಳ್ಳಿಗೆ ಗೊತ್ತು. ಜೋಳದ ಕಾಳು ಪೋಣಿಸಿದ ಹಾಗೆ ದುಂಡಗೆ, ಒಂದೇ ಅಳತೆ. ಆ ಅಕ್ಷರ ಸಾಲಿನ ಕೊನೆಗೆ ಬರುವ ಹೊತ್ತಿಗೆ ಸಣ್ಣದಾಗುತ್ತ ಆಗುತ್ತ ಸಾಸಿವೆಯಷ್ಟಾದಾಗ ಮೊದಲು ಕಂಡುಹಿಡಿದವರು ಅವನ ಹೆಡ್‌ಮಾಸ್ತರರು. ರಜೆಯ ಅರ್ಜಿ ಓದಲಿಕ್ಕೆ ಬರಲಿಲ್ಲವಂತೆ. ಆಸ್ಪತ್ರೆಗೆ ತೋರಿಸಿದ ಮೇಲೆ ಕಾಯಿಲೆಯ ಹೆಸರು ಗೊತ್ತಾಯಿತು, ಗುಳಿಗೆ ಶುರುವಾಯಿತು. ಸಂಕ್ರಾಂತಿ ಕಳೆದ ಮೇಲೆ ಅಣ್ಣ ವೈದ್ಯಕೀಯ ರಜೆ ಹಾಕಿ ರಾಯಚೂರಿನ ನಮ್ಮ ಮನೆಗೆ ಬಂದ. ತಿಂಗಳಿಗೊಮ್ಮೆ ಹೈದರಾಬಾದಿನಿಂದ ನರರೋಗದ ವೈದ್ಯರೊಬ್ಬರು ರಾಯಚೂರಿಗೆ ಬಂದು ನೋಡುತ್ತಿದ್ದರು. ಔಷಧ ಒಂದು ಹದಕ್ಕೆ ಬರುವವರೆಗೆ ನಮ್ಮಲ್ಲೇ ಇರಲಿ ಎಂದು ಅತ್ತಿಗೆಯೇ ಕಳಿಸಿದಳು.

ಅವನಿಗೆ ಬೇಕಾಗಿದ್ದು ಒಂದೇ. ಜೂನಿನಲ್ಲಿ ಶಾಲೆ ತೆರೆದಾಗ ಹೊಸ ಕೂಸುಗಳ ಮುಂದೆ ತಾನು ನಿಂತಿರಬೇಕು. ಅದಕ್ಕೆ ವೈದ್ಯರಿಂದ ಫಿಟ್‌ನೆಸ್ ಸರ್ಟಿಫಿಕೇಟ್ ಸಿಗಬೇಕು. ನಿವೃತ್ತಿಗೆ ಇನ್ನೂ ಐದು ವರ್ಷ ಇತ್ತು. "ಐದು ವರ್ಷ ಅಂದ್ರ ಐದು ಒಂದನೇತ್ತಾ, ತಂಗಿ," ಎಂದು ಐದು ಸಲದ ಒಂದನೇ ತರಗತಿಯನ್ನು ಬೆರಳು ಮಡಿಚಿ ಲೆಕ್ಕ ಹಾಕಿ ತೋರಿಸಿದ್ದ. ಆ ಬೆರಳುಗಳೂ ನಡುಗುತ್ತಿದ್ದವು. ನಾನು ಕಿಟಕಿಯ ಕಡೆ ನೋಡಿದೆ.

ನಮ್ಮ ಮನೆತನದ ಒಂದು ಮಾತು ಇಲ್ಲಿ ಹೇಳಬೇಕು. ನಮ್ಮವ್ವ ಮಲ್ಲಟದಲ್ಲಿ ಭತ್ತದ ನಾಟಿಗೆ ಹೋಗುತ್ತಿದ್ದಳು. ನಸುಕಿನಲ್ಲಿ ಗುಂಪಿನ ಮುಂದಾಳು ಓಣಿಯಲ್ಲಿ ಹಾದುಹೋಗುತ್ತ ಒಂದೊಂದೇ ಬಾಗಿಲಿಗೆ ನಿಂತು, "ಆರಾಮ ಅದೀಯೇನಬೇ?" ಎಂದು ಕೇಳುತ್ತಿದ್ದ. ಅವ್ವನಿಗೆ ಮೈ ಸುಡುತ್ತಿರಲಿ, ಕೆಸರಿನಲ್ಲಿ ನಿಂತು ನಿಂತು ಕಾಲ್ಬೆರಳ ಸಂದು ಕೊಳೆತಿರಲಿ, ಒಳಗಿನಿಂದ ಒಂದೇ ಉತ್ತರ: "ಆರಾಮ ಅದೀನ್ರಿ." ಒಂದು ಸಲ ಜ್ವರದಲ್ಲಿ ಹಾಗೆ ಅಂದಾಗ ನಾನು ಅತ್ತಿದ್ದೆ. ಅವ್ವ ಬೈದಳು. "ಆರಾಮ ಇಲ್ಲಂದೋರ್ನ ನಾಳಿ ಕೆಲಸಕ್ಕ ಕರೀತಾರೇನು ಹುಚ್ಚಿ?" ಎಂದಳು. ಅಣ್ಣ ಆಗ ಹನ್ನೆರಡರ ಹುಡುಗ, ಮೂಲೆಯಲ್ಲಿ ಪಾಟಿ ಹಿಡಿದು ಕೂತಿದ್ದ. ಆ ಪಾಠ ನನಗಿಂತ ಅವನಿಗೆ ಚೆನ್ನಾಗಿ ಹತ್ತಿತು. ನಾವಿಬ್ಬರೂ ಓದಿ ಮಾಸ್ತರಾದೆವು, ಮನೆಯಲ್ಲಿ ಬುದ್ಧವಂದನೆ ಬಂತು, ಗೋಡೆಗೆ ಸುಣ್ಣದ ಬದಲು ಬಣ್ಣ ಬಂತು. ಆದರೆ ಆ ಒಂದು ಉತ್ತರ ಮಾತ್ರ ನಮ್ಮ ಬಾಯಿ ಬಿಟ್ಟು ಹೋಗಲಿಲ್ಲ.

ಮಾರ್ಚಿನಲ್ಲಿ ನಾನು ಮೊದಲ ಸಲ ಅವನ ಜೊತೆ ಆಸ್ಪತ್ರೆಗೆ ಹೋದಾಗ ನಮ್ಮ ಸರದಿ ಬರಲು ಮೂರು ತಾಸು ಹಿಡಿಯಿತು. ಹೊರಗೆ ಆಗಲೇ ರಾಯಚೂರಿನ ಬಿಸಿಲು ಮುಖಕ್ಕೆ ಬೆಂಕಿ ಹಿಡಿದ ಹಾಗೆ ಇತ್ತು. ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಅರವತ್ತರ ಹತ್ತಿರ, ದಪ್ಪ ಮೂಗುಬೊಟ್ಟು, ಎರಡೂ ಕೈ ತೊಡೆಯ ಮೇಲೆ ಕುಣಿಯುತ್ತಿದ್ದವು. ತೀನ್ ಕಂದೀಲ್ ಚೌಕದ ಹತ್ತಿರ ಕಾಯಿಪಲ್ಲೆ ಮಾರುವ ನರಸಮ್ಮ. ಹೆಸರು ನಾನು ಕೇಳಲಿಲ್ಲ, ಅವಳೇ ಹೇಳಿದಳು. ಹೆಸರೊಂದೇ ಅಲ್ಲ, ಸೊಸೆಯ ಸ್ವಭಾವ, ಹೊಟ್ಟೆ ಕಟ್ಟುವುದು, ನಿದ್ದೆಯಲ್ಲಿ ಒದೆಯುವುದು, ಬಾಯಲ್ಲಿ ಜೊಲ್ಲು ಬರುವುದು, ಎಲ್ಲವನ್ನೂ ಇಡೀ ವರಾಂಡಕ್ಕೆ ಕೇಳುವಂತೆ ಹೇಳಿದಳು. ಅಣ್ಣ ಮಾಸ್ತರನೆಂದು ಕೇಳಿ ತಿಳಿದುಕೊಂಡು, ಅವನ ಕೈ ನೋಡಿ, "ನಿಮ್ಗೂ ಅದೇನಾ ಮಾಸ್ತರ್ರಿ? ಎಷ್ಟು ವರ್ಷಾತು? ಕಾಲು ನೆಲಕ್ಕ ಅಂಟ್ತಾವೇನು?" ಎಂದು ಕೇಳಿದಳು.

ಅಣ್ಣ ಕೈಯನ್ನು ಮೆಲ್ಲಗೆ ಕರವಸ್ತ್ರದಡಿ ಸೇರಿಸಿದ. "ಹಂಗೇನಿಲ್ಲಮ್ಮ, ಆರಾಮ ಅದೀನಿ."

"ಆರಾಮ ಇದ್ದೋರು ಇಲ್ಲಿಗ್ಯಾಕ ಬಂದೀರಿ?" ಎಂದಳು ನರಸಮ್ಮ. ಸುತ್ತಲಿನವರು ನಕ್ಕರು. ನನಗೆ ಸಿಟ್ಟು ಬಂತು. ಇಂಥ ಬಾಯಿಬಡುಕಿಯ ಪಕ್ಕ ನನ್ನ ಅಣ್ಣ ಕೂರಬೇಕಾಯಿತಲ್ಲ ಅನ್ನಿಸಿತು.

ಒಳಗೆ ವೈದ್ಯರು ಒಳ್ಳೆಯವರೇ. ತೆಲುಗು ಬೆರೆತ ಕನ್ನಡದಲ್ಲಿ, "ಏನ್ರಿ ಮಾಸ್ತರ್, ಆರಾಮಾ?" ಎಂದರು. ಅವರಿಗೆ ಅದು ಮಾತು ಶುರು ಮಾಡುವ ಒಂದು ದಾರಿ. ಅಣ್ಣನಿಗೆ ಅದು ಮಲ್ಲಟದ ಓಣಿಯಲ್ಲಿ ನಸುಕಿನಲ್ಲಿ ಕೇಳಿದ ಪ್ರಶ್ನೆ.

"ಆರಾಮ ಅದೀನ್ರಿ ಸರ್."

ನಡೆದು ತೋರಿಸಿ ಎಂದರು. ಅಣ್ಣ ಚೆಂದವಾಗಿ ನಡೆದು ತೋರಿಸಿದ. ಅದರ ಗುಟ್ಟು ನನಗೆ ಗೊತ್ತಿತ್ತು. ಸರದಿ ಹತ್ತಿರ ಬರುವುದನ್ನು ನೋಡಿಕೊಂಡು ಮುಕ್ಕಾಲು ತಾಸು ಮೊದಲು ಗುಳಿಗೆ ನುಂಗಿದ್ದ. ಆ ಗುಳಿಗೆ ಮೈಗೆ ಹತ್ತಿದ ಮೇಲೆ ಒಂದೆರಡು ತಾಸು ಅವನು ಹಳೆಯ ಹುಲಿಗೆಪ್ಪನೇ. ಇಳಿದ ಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲು ಕಾಲು ತಾಸು ಬೇಕು. ವೈದ್ಯರು ಗುಳಿಗೆ ಹತ್ತಿದ ಹುಲಿಗೆಪ್ಪನನ್ನು ಮಾತ್ರ ನೋಡಿದರು. "ಬಹಳ ಛಲೋ" ಎಂದು ಅದೇ ಗುಳಿಗೆ, ಅದೇ ಹೊತ್ತು ಬರೆದುಕೊಟ್ಟರು.

ನಾನು ಹತ್ತನೇ ತರಗತಿಗೆ ವಿಜ್ಞಾನ ಹೇಳುವವಳು. ವರ್ಷಾ ವರ್ಷ ಕಪ್ಪುಹಲಗೆಯ ಮೇಲೆ ಮಿದುಳಿನ ಚಿತ್ರ ಬರೆದು ಭಾಗ ಗುರುತಿಸುತ್ತೇನೆ. ಅವತ್ತು ಬಾಯಿ ಬಿಟ್ಟು, "ಸರ್, ಗುಳಿಗೆ ಇಳಿದ ಮೇಲೆ ನೋಡಬೇಕು ನೀವು," ಎಂದು ಒಂದು ವಾಕ್ಯ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆಂದರೆ ನನಗೆ ಅಣ್ಣನ ಬಗ್ಗೆ ಹೆಮ್ಮೆ ಉಕ್ಕಿತ್ತು. ಹೊರಗೆ ಆ ಹೆಂಗಸು ಗೋಳಾಡುತ್ತಿದ್ದಾಳೆ, ನನ್ನ ಅಣ್ಣ ನೋಡಿ ಹೇಗೆ ತುಟಿ ಕಚ್ಚಿ ನಿಂತಿದ್ದಾನೆ! ಮನೆಗೆ ಬಂದು ಸಿರವಾರದ ನಮ್ಮ ಅತ್ತೆಗೆ ಫೋನು ಹಚ್ಚಿ, ಅಣ್ಣ ಕೇಳುವ ಹಾಗೆಯೇ ಹೇಳಿದೆ: "ನಮ್ಮಣ್ಣ ಒಂದ್ ದಿನ ಅಯ್ಯೋ ಅಂದಾನಂದ್ರ ಕೇಳು. ಅಂಥಾ ಗಟ್ಟಿ ಮನಷ್ಯಾನ್ನ ನಾ ನೋಡಿಲ್ಲ." ಅಣ್ಣ ಕುರ್ಚಿಯಲ್ಲಿ ಇನ್ನಷ್ಟು ನೆಟ್ಟಗೆ ಕೂತ. ಆ ಬೇಸಿಗೆಯೆಲ್ಲ ನಾನು ಆ ಮಾತನ್ನು ಎಷ್ಟು ಜನರ ಮುಂದೆ ಹೇಳಿದೆನೋ ಲೆಕ್ಕವಿಲ್ಲ. ಹಾಗೆ ಹೊಗಳಿಸಿಕೊಂಡವನು ಆಮೇಲೆ ಅಯ್ಯೋ ಅನ್ನುವುದು ಹೇಗೆ?

ಏಪ್ರಿಲ್ ಹೊತ್ತಿಗೆ ಕಾಲು ಅಂಟುವುದು ಶುರುವಾಯಿತು. ಬಯಲಲ್ಲಿ ನಡೆಯುತ್ತಿದ್ದವನು ಬಾಗಿಲ ಹತ್ತಿರ ಬಂದ ಕೂಡಲೇ ನಿಂತುಬಿಡುತ್ತಿದ್ದ. ಮುಖ, ಮೈ ಒಳಗೆ ಹೋಗಲು ಮುಂದೆ ಬಾಗಿರುತ್ತಿದ್ದವು, ಪಾದಗಳು ಮಾತ್ರ ಯಾರೋ ಅಂಟು ಹಚ್ಚಿದ ಹಾಗೆ ಹೊಸ್ತಿಲ ಈಚೆ ನಿಲ್ಲುತ್ತಿದ್ದವು. ಯಾರಾದರೂ ನೋಡಿದರೆ ಅಲ್ಲೇ ನಿಂತು ಬಾಗಿಲ ಚೌಕಟ್ಟು ಪರೀಕ್ಷಿಸುವವನ ಹಾಗೆ, "ಗೆದ್ದಲ ಹತ್ಯಾದೇನೋ ಇದಕ್ಕ" ಎನ್ನುತ್ತಿದ್ದ. ನಮ್ಮ ಬಾಗಿಲಿನ ಚೌಕಟ್ಟು ಕಬ್ಬಿಣದ್ದು.

ಒಂದು ದಿನ ಸಂಜೆ ಮನೆಯ ಮುಂದೆ ಆಟೋ ನಿಂತಿತು. ಇಳಿದವಳು ನರಸಮ್ಮ, ಕೈಯಲ್ಲಿ ಒಂದು ಕುಂಬಳಕಾಯಿ ಹೋಳು. ಎರಡನೇ ಸಲ ಆಸ್ಪತ್ರೆಯಲ್ಲಿ ಸಿಕ್ಕಾಗ ನಮ್ಮ ಓಣಿ ಯಾವುದೆಂದು ಬಾಯಿ ಬಿಡಿಸಿಕೊಂಡಿದ್ದಳು. ಅಂಗಳ ದಾಟಿ ಬಂದು ನಮ್ಮ ಹೊಸ್ತಿಲ ಮುಂದೆ ಗಕ್ಕನೆ ನಿಂತಳು. ನಿಂತಲ್ಲಿಂದಲೇ ಕೂಗಿದಳು.

"ಯವ್ವಾ, ಕಾಲು ಅಂಟಿದ್ವು! ಒಂದು ಸುಣ್ಣದ ಕಡ್ಡಿ ತಗೊಂಡು ನನ್ನ ಮುಂದ ಗೆರಿ ಎಳೀ ಬೇಗ!"

ನನಗೆ ತಿಳಿಯಲಿಲ್ಲ. ಅಣ್ಣ ಜೇಬಿನಿಂದ ಚಾಕ್‌ಪೀಸು ತೆಗೆದುಕೊಟ್ಟ. ರಜೆಯಲ್ಲೂ ಅವನ ಅಂಗಿಯ ಜೇಬಿನಲ್ಲಿ ಎರಡು ಚಾಕ್‌ಪೀಸು ಇದ್ದೇ ಇರುತ್ತಿದ್ದವು. ನಾನು ಹೊಸ್ತಿಲ ಮುಂದೆ ಅಡ್ಡ ಒಂದು ಗೆರೆ ಎಳೆದೆ, ಒಳಗೊಂದು, ಅದರಾಚೆ ಇನ್ನೊಂದು. ನರಸಮ್ಮ ಗೆರೆಯನ್ನು ದಿಟ್ಟಿಸಿ, ಹಳ್ಳ ದಾಟುವವಳ ಹಾಗೆ ಕಾಲೆತ್ತಿ ಒಂದೊಂದನ್ನೇ ದಾಟಿ ಒಳಗೆ ಬಂದು ಕೂತುಬಿಟ್ಟಳು.

"ಸುಮ್ನ ನಡಿ ಅಂದ್ರ ಈ ಕಾಲು ನಡಿಯಂಗಿಲ್ಲ ನೋಡ್ರಿ. ದಾಟು ಅಂದ್ರ ದಾಟ್ತಾವ. ಡಾಕ್ಟರ್ರೇ ಹೇಳಿಕೊಟ್ರು. ನಾನು ಅವ್ರ ಮುಂದ ಅತ್ತು ರಂಪ ಮಾಡಿದ್ಮ್ಯಾಲ," ಎಂದು ನಕ್ಕಳು. ಅಣ್ಣನ ಕಡೆ ತಿರುಗಿ, "ನೀವು ಡಾಕ್ಟರ್ ಹತ್ರ ಗುಳಗಿ ನುಂಗಿ ಹೋಗತೀರಿ, ಆ ದಿನ ನಾ ನೋಡೀನಿ. ನಾನು ಮೊದಲು ಹೇಳಿಟ್ಟು ಗುಳಗಿ ಇಳದ ಹೊತ್ತಿಗೇ ಹೋಗತೀನಿ. ಅಂಗಡ್ಯಾಗ ಒಳ್ಳೇ ಬದನಿಕಾಯಿ ಮ್ಯಾಲ ಇಡತೀನಿ ಮಾಸ್ತರ್ರಿ, ಡಾಕ್ಟರ್ ಮುಂದ ಹುಳುಕು ಮ್ಯಾಲ ಇಡಬೇಕು," ಎಂದಳು.

"ನಿಮ್ಮಂಗ ಒದರಾಕ ಎಲ್ಲಾರಿಗೂ ಬರಂಗಿಲ್ಲಮ್ಮ," ಎಂದೆ ನಾನು, ಸ್ವಲ್ಪ ಚುಚ್ಚಿ.

ಅವಳಿಗೆ ಚುಚ್ಚಲಿಲ್ಲ. "ಒದರದಿದ್ರ ಕಾಯಿಪಲ್ಲೆ ಮಾರ್ತಾವೇನು? ಬಾಯಿದ್ದೋರು ಬರಗಾಲದಾಗೂ ಬದುಕತಾರ," ಎಂದು ಚಹಾ ಕೇಳಿ ಇಸಿದುಕೊಂಡು ಕುಡಿದಳು. ಅರ್ಧ ಚಹಾ ಸೀರೆಯ ಮೇಲೆ ಚೆಲ್ಲಿತು. ಅದಕ್ಕೂ ನಕ್ಕಳು. ಹೋಗುವಾಗ ಮಾತ್ರ, ಸೊಸೆ ತನ್ನ ಬಾಯಿಗೆ ಬೇಸತ್ತು ಬೇರೆ ಮನೆ ಮಾಡುತ್ತೇನೆ ಅನ್ನುತ್ತಿದ್ದಾಳೆಂದು ಹೇಳಿ ಕಣ್ಣು ಒರೆಸಿಕೊಂಡಳು. ಒದರಿದ ಮಾತ್ರಕ್ಕೆ ಅವಳ ರೋಗ ಹೂವಾಗಿರಲಿಲ್ಲ.

ಅವಳು ಹೋದ ಮೇಲೆ ಅಣ್ಣ ಎದ್ದ. ಅಡುಗೆಮನೆಯ ಬಾಗಿಲಲ್ಲಿ, ಬಚ್ಚಲ ಬಾಗಿಲಲ್ಲಿ ತಾನೇ ಬಗ್ಗಿ ಗೆರೆ ಎಳೆದ. ನೆಟ್ಟಗೆ ಎಳೆಯಲಾಗಲಿಲ್ಲ, ಆದರೂ ಎಳೆದ. ದಾಟಿದ. ಮತ್ತೆ ಈ ಕಡೆ ಬಂದು ಮತ್ತೆ ದಾಟಿದ. "ತಂಗಿ, ನೋಡಿಲ್ಲಿ!" ಎಂದು ನನ್ನನ್ನು ಕರೆದ. ಆ ಬೇಸಿಗೆಯಲ್ಲಿ ಅವನು ದನಿ ಎತ್ತಿ ಕರೆದದ್ದು ಅದೊಂದೇ ಸಲ. ಹತ್ತು ದಿನ ನಮ್ಮ ಮನೆಯ ನೆಲ ಒಂದನೇ ತರಗತಿಯ ಪಾಟಿಯ ಹಾಗೆ ಗೆರೆಗಳಿಂದ ತುಂಬಿತ್ತು. ಕಾಲು ಅಂಟುವುದು ನಿಂತಿರಲಿಲ್ಲ, ಆದರೆ ದಾರಿ ಸಿಕ್ಕಿತ್ತು.

ಹನ್ನೊಂದನೇ ದಿನ ಭಾನುವಾರ. ದೇವದುರ್ಗದಿಂದ ಅವನ ಶಾಲೆಯ ಮಾಸ್ತರರು ನಾಲ್ಕು ಜನ ನೋಡಲು ಬರುವವರಿದ್ದರು. ಬೆಳಿಗ್ಗೆ ನಾನು ಎದ್ದು ಬಂದು ನೋಡುತ್ತೇನೆ, ಅಣ್ಣ ಮೊಣಕಾಲೂರಿ ಒದ್ದೆ ಅರಿವೆಯಿಂದ ಗೆರೆಗಳನ್ನು ಒರೆಸುತ್ತಿದ್ದಾನೆ.

"ಯಾಕಣ್ಣ?"

"ಬಂದೋರು ಇದೇನಂತ ಕೇಳತಾರ. ಏನಂತ ಹೇಳೋದು?"

ಖರೆ ಇದ್ದದ್ದು ಹೇಳೋದು ಎಂದು ನಾನು ಅನ್ನಬೇಕಿತ್ತು. ಅನ್ನಲಿಲ್ಲ. ನನಗೂ ಒಳಗೊಳಗೆ ಆ ಗೆರೆಗಳು ನಾಚಿಕೆ ತರುತ್ತಿದ್ದವು. ಪಕ್ಕದ ಮನೆಯವರು ಆಗಲೇ ಒಮ್ಮೆ ಕೇಳಿದ್ದರು, ನಾನು ಹುಡುಗರ ಆಟ ಎಂದು ಹಾರಿಸಿದ್ದೆ. ಇನ್ನೊಂದು ಅರಿವೆ ತಂದು ನಾನೂ ಅವನ ಜೊತೆ ಕೂತು ಒರೆಸಿದೆ. ನೆಲ ಹೊಳೆಯಿತು. "ನೀ ಗಟ್ಟಿ ಬಿಡಣ್ಣ. ಇಂಥಾ ಊರುಗೋಲೆಲ್ಲ ನಿನಗ ಬೇಕಿಲ್ಲ," ಎಂದೆ. ಬಂದವರು, "ಸರ್ ಏನೂ ಆಗೇ ಇಲ್ಲಲ್ರಿ ನಿಮ್ಗ!" ಎಂದು ಹೊಗಳಿ ಹೋದರು. ಅವರು ಇದ್ದ ಎರಡು ತಾಸೂ ಅಣ್ಣ ಕುರ್ಚಿ ಬಿಟ್ಟು ಏಳಲಿಲ್ಲ. ಮೂತ್ರಕ್ಕೆ ಸಹ ಏಳಲಿಲ್ಲ. ಗೆರೆಗಳನ್ನು ಮತ್ತೆ ಎಳೆಯಲೂ ಇಲ್ಲ.

ಮೇ ತಿಂಗಳಲ್ಲಿ ಎರಡು ಸಲ ಬಿದ್ದ. ಒಮ್ಮೆ ಬಚ್ಚಲ ಬಾಗಿಲಲ್ಲಿ, ಒಮ್ಮೆ ಅಡುಗೆಮನೆಯ ಹೊಸ್ತಿಲಲ್ಲಿ. ಎರಡನೇ ಸಲ ಮೊಣಕೈ ಸುಲಿದು ರಕ್ತ ಬಂತು. ಅತ್ತಿಗೆಗೆ ಹೇಳಬೇಡ ಎಂದ. ಹೇಳಲಿಲ್ಲ. ಆ ತಿಂಗಳ ಕೊನೆಗೆ ವೈದ್ಯರ ಹತ್ತಿರ ಹೋಗುವ ದಿನ, ಕಾಗೆಗಳು ಸಹ ಬಾಯಿ ತೆರೆದು ಕೂರುವ ಬಿಸಿಲಿನಲ್ಲಿ, ಅಣ್ಣ ತುಂಬುತೋಳಿನ ಅಂಗಿ ಹಾಕಿಕೊಂಡು ಮಣಿಕಟ್ಟಿನ ಗುಂಡಿ ನನ್ನ ಕೈಲಿ ಹಾಕಿಸಿಕೊಂಡ. ಯಾಕೆಂದು ನಾನು ಕೇಳಲಿಲ್ಲ. ಗುಂಡಿ ಹಾಕಿದೆ.

"ಆರಾಮಾ ಮಾಸ್ತರ್?"

"ಆರಾಮ ಅದೀನ್ರಿ ಸರ್."

"ಎಲ್ಲಾದ್ರೂ ಬಿದ್ರೇನು?"

"ಇಲ್ರಿ."

ವೈದ್ಯರು ಅವನನ್ನು ಒಂದು ಗಳಿಗೆ ಹೆಚ್ಚೇ ನೋಡಿದರು. ಆ ತುಂಬುತೋಳನ್ನು ನೋಡಿದರೋ ಏನೋ. ಸರ್ಟಿಫಿಕೇಟಿನ ಹಾಳೆ ಮುಂದಿಟ್ಟುಕೊಂಡವರು ಪೆನ್ನು ತಡೆದು ನನ್ನ ಕಡೆ ತಿರುಗಿದರು. "ಮನಿಯೋರು ನೀವು ಏನಂತೀರಿ ಮೇಡಂ?"

ಅಣ್ಣ ನನ್ನನ್ನು ನೋಡಿದ. ಆ ರೋಗ ಮುಖದ ನಗುವನ್ನೂ ಅಳುವನ್ನೂ ಕಸಿದುಕೊಳ್ಳುತ್ತದೆ, ಮುಖ ಮರದ ಹಲಗೆಯಾಗುತ್ತದೆ ಎನ್ನುತ್ತಾರೆ. ಕಣ್ಣನ್ನು ಕಸಿದುಕೊಂಡಿರಲಿಲ್ಲ. ಬಿದ್ದದ್ದು ಹೇಳಿದರೆ ಸರ್ಟಿಫಿಕೇಟು ಇಲ್ಲ, ಶಾಲೆ ಇಲ್ಲ, ಐದು ಒಂದನೇತ್ತಾ ಇಲ್ಲ ಎಂದು ಆ ಕಣ್ಣು ಬೇಡುತ್ತಿತ್ತು. ನನಗೂ ಹಾಗೇ ಅನ್ನಿಸಿತು. ನನ್ನ ಬಾಯಿಂದ ಅವ್ವನ ದನಿ ಬಂತು.

"ಆರಾಮ ಅದಾರ್ರಿ ಸರ್."

ಅವರು ಸಹಿ ಹಾಕಿದರು. ಗುಳಿಗೆ ಅವೇ, ಹೊತ್ತು ಅದೇ.

ಹೊರಗೆ ಬೆಂಚಿನ ಮೇಲೆ ನರಸಮ್ಮ ಇದ್ದಳು. "ಏನಂದ್ರು?" ಎಂದಳು. "ಆರಾಮ ಅಂದ್ರು," ಎಂದೆ. "ಅಂದೋರು ಯಾರು? ಡಾಕ್ಟರೋ, ನೀವೋ?" ಎಂದು ಕೇಳಿದಳು. ನಾನು ಆಟೋ ಕರೆದೆ. ಆಟೋದಲ್ಲಿ ಅಣ್ಣ ಆ ಹಾಳೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ, ಹಾಳೆ ಗಾಳಿಗೆ ಪಟಪಟ ಎನ್ನುತ್ತಿತ್ತೋ ಕೈಗೆ ಎನ್ನುತ್ತಿತ್ತೋ ಗೊತ್ತಿಲ್ಲ. "ಉಪಕಾರಾತು ತಂಗಿ," ಎಂದ.

ಶಾಲೆ ತೆರೆದ ದಿನ ನಾನು ರಾಯಚೂರಿನ ನನ್ನ ಶಾಲೆಯಲ್ಲಿದ್ದೆ. ಏನಾಯಿತೆಂದು ಆಮೇಲೆ ಅವನ ಜೊತೆಯ ಮಾಸ್ತರರೊಬ್ಬರು ಹೇಳಿದರು. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಹೊಸ ಕೂಸುಗಳನ್ನು ಒಳಗೆ ಕೂರಿಸಿ, ಹುಲಿಗೆಪ್ಪ ಸರ್ ಬರುತ್ತಾರೆ ನೋಡಿ ಎಂದು ಎಲ್ಲರಿಂದ ಚಪ್ಪಾಳೆ ಹೊಡೆಸುತ್ತಿದ್ದರು. ಬೆಳಗಿನ ಗುಳಿಗೆ ಇಳಿಯುವ ಹೊತ್ತು ಅದು. ಅಣ್ಣ ತರಗತಿಯ ಬಾಗಿಲವರೆಗೆ ಬಂದು ಹೊಸ್ತಿಲ ಮುಂದೆ ನಿಂತ. ನಿಂತೇ ಇದ್ದ. ಆ ಮಾಸ್ತರರಿಗೆ ಏನೋ ಅನುಮಾನ ಬಂದು ಪಕ್ಕಕ್ಕೆ ಹೋಗಿ, "ಆರಾಮ ಅದೀರಿಲ್ಲ ಸರ್? ಕೈ ಹಿಡೀಲೇನು?" ಎಂದು ಕೇಳಿದರಂತೆ.

"ಆರಾಮ ಅದೀನ್ರಿ," ಎಂದನಂತೆ ಅಣ್ಣ. ಹಾಗಂದು ಮೈಯನ್ನು ಮುಂದೆ ನೂಕಿದ. ಕಾಲು ಬರಲಿಲ್ಲ. ಕೂಸುಗಳ ಎದುರಿಗೆ, ಆ ಚಪ್ಪಾಳೆಯ ನಡುವೆ, ಹೊಸ್ತಿಲ ಮೇಲೆ ಅಡ್ಡ ಬಿದ್ದ. ಸೊಂಟದ ಎಲುಬು ಮುರಿಯಿತು.

ಆಸ್ಪತ್ರೆಯಲ್ಲಿ ಅವನ ಅಂಗಿಯನ್ನು ನನ್ನ ಕೈಗೆ ಕೊಟ್ಟರು. ಜೇಬಿನಲ್ಲಿ ಚಾಕ್‌ಪೀಸು ಪುಡಿಯಾಗಿತ್ತು. ಹೊಸ್ತಿಲಿಗೆ ಒಂದು ಗೆರೆ ಎಳೆದುಕೊಂಡಿದ್ದರೆ ಸಾಕಿತ್ತು. ಜೇಬಿನಲ್ಲೇ ಇತ್ತು. ನಾನು ಆ ಅಂಗಿ ಹಿಡಿದುಕೊಂಡು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಯಾರೋ ಬಂದು, ಪೇಷಂಟ್ ಹೇಗಿದ್ದಾರೆ ಎಂದರು. ಕೇಳಿದರೆ ನಂಬುವುದಿಲ್ಲ, ಆಗಲೂ ನನ್ನ ಬಾಯಿಂದ ಬಂದದ್ದು ಅದೇ ಮಾತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳ ಮೇಲೆ ನರರೋಗದ ವೈದ್ಯರ ಹತ್ತಿರ ನಾನೊಬ್ಬಳೇ ಹೋದೆ. ಕೈಯಲ್ಲಿ ಎರಡು ಹಾಳೆ. ಗುಳಿಗೆ ಯಾವಾಗ ಹತ್ತುತ್ತದೆ, ಯಾವಾಗ ಇಳಿಯುತ್ತದೆ, ಕಾಲು ಎಲ್ಲೆಲ್ಲಿ ಅಂಟುತ್ತಿದ್ದವು, ಎಷ್ಟು ಸಲ ಬಿದ್ದ, ನಿದ್ದೆಯಲ್ಲಿ ಏನು ಕೂಗುತ್ತಾನೆ, ಎಲ್ಲ ಹುಳುಕು ಮೇಲೆ ಇಟ್ಟು ಬರೆದಿದ್ದೆ. ಅವರು ಕನ್ನಡಕ ಸರಿಮಾಡಿಕೊಂಡು ಪೂರ್ತಿ ಓದಿದರು.

"ಇದೆಲ್ಲ ಯಾವಾಗಿಂದ?"

"ಬ್ಯಾಸಗಿಯಿಂದ, ಸರ್."

ಅವರು ಹಳೆಯ ಚೀಟಿ ಪಕ್ಕಕ್ಕಿಟ್ಟು ಹೊಸದೊಂದು ಎಳೆದುಕೊಂಡರು. ಬೈದಿದ್ದರೆ ಹಗುರಾಗುತ್ತಿತ್ತು. ಗುಳಿಗೆಯನ್ನು ಅರ್ಧ ಹೆಚ್ಚಿಸಿದರು, ಮೂರು ಹೊತ್ತಿನದನ್ನು ಐದು ಹೊತ್ತಿಗೆ ಹಂಚಿದರು. ಅಷ್ಟೇ. ಅರ್ಧ ಗುಳಿಗೆ. ಸರ್ಟಿಫಿಕೇಟಿಗೂ ಅಡ್ಡಿಯಿರಲಿಲ್ಲವಂತೆ, ತಿಂಗಳು ತಡವಾಗಿ ಕೊಡುತ್ತಿದ್ದರಂತೆ. ಮೂರು ವಾರದಲ್ಲಿ ಅಣ್ಣನ ಕೈ ಸಡಿಲವಾಯಿತು. ಆದರೆ ಆ ಕಾಲು ಮತ್ತೆ ಸರಿಯಾಗಿ ನಿಲ್ಲಲಿಲ್ಲ. ದೀಪಾವಳಿಗೆ ಮೊದಲು ಸ್ವಯಂ ನಿವೃತ್ತಿಯ ಕಾಗದಕ್ಕೆ ಸಹಿ ಹಾಕಿದ. ಆ ಸಹಿ ಮಾತ್ರ ದುಂಡಗೆ ಬಂದಿತ್ತು.

ನರಸಮ್ಮ ಈಗಲೂ ತೀನ್ ಕಂದೀಲ್ ಹತ್ತಿರ ಕೂರುತ್ತಾಳೆ. ಕೈ ಅಣ್ಣನಿಗಿಂತ ಹೆಚ್ಚು ನಡುಗುತ್ತದೆ, ತೂಕ ಮಾಡಲು ಆಗುವುದಿಲ್ಲ, ಗಿರಾಕಿಗಳೇ ತೂಕ ಮಾಡಿಕೊಳ್ಳಬೇಕು, ಮಾಡಿಕೊಳ್ಳದಿದ್ದರೆ ಬೈಸಿಕೊಳ್ಳಬೇಕು. ಸೊಸೆ ಬೇರೆ ಹೋಗಿದ್ದಾಳೆ. ಅವಳ ಅಂಗಡಿಯ ಮುಂದೆ ದಾರಿಯ ಮೇಲೆ ಸುಣ್ಣದ ಗೆರೆಗಳಿವೆ, ಪಕ್ಕದ ಅಂಗಡಿಯವರು ದಿನಾ ಬೆಳಿಗ್ಗೆ ಎಳೆದುಕೊಡುತ್ತಾರೆ. ಕೊಡದಿದ್ದರೆ ಅವಳು ಬಿಡುವುದಿಲ್ಲ. ಸ್ವಭಾವದಲ್ಲಿ ಯಾವುದು ಗಟ್ಟಿ, ಯಾವುದು ಪೊಳ್ಳು ಎಂದು ನಾನು ಐವತ್ತು ವರ್ಷ ತಪ್ಪು ತಿಳಿದುಕೊಂಡಿದ್ದೆ. ಆ ತಪ್ಪಿನ ಶಿಕ್ಷೆ ನನಗಾಗಲಿಲ್ಲ, ಅಣ್ಣನಿಗಾಯಿತು.

ಹೋದ ವಾರ ಮಾನ್ವಿಯಿಂದ ನಾನು ರಾಯಚೂರಿನ ಬಸ್ಸು ಹತ್ತಲಿಲ್ಲ. ಭತ್ತದ ವಾಸನೆಯನ್ನು ಮೂಗಿನಲ್ಲೇ ಇಟ್ಟುಕೊಂಡು ದೇವದುರ್ಗಕ್ಕೆ ಹೋದೆ. ಅಣ್ಣ ಪಡಸಾಲೆಯಲ್ಲಿ ಗಾಲಿಕುರ್ಚಿಯ ಮೇಲೆ ಇದ್ದ. ದನಿ ಈಗ ಬಹಳ ಸಣ್ಣಗಾಗಿದೆ, ಕಿವಿ ಹತ್ತಿರ ಒಯ್ಯಬೇಕು. ತೊಡೆಯ ಮೇಲೆ ಒಂದು ಪಾಟಿ ಇರುತ್ತದೆ, ಗುಳಿಗೆ ಹತ್ತಿದ ಹೊತ್ತಿನಲ್ಲಿ ಬರೆಯುತ್ತಾನೆ. ಅತ್ತಿಗೆ ಒಳಗೆ ಚಹಾಕ್ಕೆ ಇಟ್ಟಿದ್ದಳು. ನಾನು ಅವನ ಮುಂದೆ ನೆಲದ ಮೇಲೆ ಕೂತು, ಬೇರೆ ಏನೂ ತೋಚದೆ, "ಹೆಂಗದೀ ಅಣ್ಣಾ? ಆರಾಮ ಅದೀಯೇನು?" ಎಂದೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅಣ್ಣ ನನ್ನನ್ನೇ ನೋಡಿದ. ಆಮೇಲೆ ಬಳಪ ಎತ್ತಿಕೊಂಡು ಬರೆಯತೊಡಗಿದ. ಬಹಳ ಹೊತ್ತು ಬರೆದ. ಪಾಟಿಯನ್ನು ನನ್ನ ಕಡೆ ತಿರುಗಿಸಿದ. ಜೋಳದ ಕಾಳಿನಂಥ ದುಂಡು ಅಕ್ಷರ, ಮೊದಲಿನಿಂದ ಕೊನೆಯವರೆಗೆ ಒಂದೇ ಅಳತೆ, ಒಂದೂ ಸಣ್ಣದಾಗಿರಲಿಲ್ಲ.

'ಆರಾಮ ಇಲ್ಲ.'

ಮುಟ್ಟಲು ಕೈ ಚಾಚಿದೆ. ಅಷ್ಟರಲ್ಲಿ ಒಳಗೆ ಕಪ್ಪುಗಳ ಸದ್ದಾಯಿತು. ಅಣ್ಣ ಗಡಬಡಿಸಿ ಅಂಗೈಯಿಂದ ಪಾಟಿ ಒರೆಸಿಬಿಟ್ಟ. ಅತ್ತಿಗೆ ಚಹಾ ತಂದಳು. ಅವನ ಬಿಳಿಯಾದ ಅಂಗೈ ನೋಡಿ, "ಏನ್ ಬರದ್ರಿ ಅಣ್ಣ ತಂಗಿ?" ಎಂದು ನಕ್ಕಳು.

ಅಣ್ಣ ನನ್ನ ಕಡೆ ನೋಡಿದ. ಮೇ ತಿಂಗಳಲ್ಲಿ ವೈದ್ಯರ ಮುಂದೆ ನೋಡಿದ ಅದೇ ನೋಟ.

"ಆರಾಮ ಇಲ್ಲಂತ ಬರದಾನ, ಅತ್ತಿಗಿ," ಎಂದೆ. ಒಂದು ವರ್ಷ ತಡವಾಗಿ.